ಹೊದಿಕೆಯ ಮಡಿಕೆ

(ಬಾನುಲಿ ಭಾಷಣ)

ಒಂದು ಹಾಸಿಗೆಯ ಪ್ರಸಂಗದಿಂದ ಈ ಮಾತನ್ನು ಆರಂಭಿಸುತ್ತೇನೆ. ಸ್ಥಳ, ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಟ್ರಿನಿಟಿ ಕಾಲೇಜು. ಹಾಸಿಗೆ, ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರದು. 1914ರ ಏಪ್ರಿಲ್ ತಿಂಗಳಲ್ಲಿ ಮದರಾಸಿನಿಂದ ಹಡಗಿನಲ್ಲಿ ಬಂದಿಳಿದ ಅವರಿಗೆ ಆ ದೇಶದ ಚಳಿಯ ಪರಿಚಯ ಆಗತಾನೆ ಆಗತೊಡಗಿತ್ತು. ಅದೇ ಊರಿನ ಕಿಂಗ್ಸ್ ಕಾಲೇಜಿನಲ್ಲಿ ಓದುತ್ತಿದ್ದ ಪ್ರಶಾಂತಚಂದ್ರ ಮಹಲನೋಬಿಸ್ ಒಂದು ದಿನ ಅವರ ಕೋಣೆಗೆ ಹೋದರು. ಮುಂದೆ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದವರು ಇವರೇ. ಮಾತಿನ ನಡುವೆ, ರಾತ್ರಿ ಬೆಚ್ಚಗಿರುತ್ತದೆಯೆ ಎಂದು ವಿಚಾರಿಸಿದರು. ಇಲ್ಲ, ಮೇಲಂಗಿ ತೊಟ್ಟು ಶಾಲು ಹೊದ್ದು ಮಲಗಿದರೂ ಚಳಿ ಬಿಡುವುದಿಲ್ಲ ಎಂದರು ರಾಮಾನುಜನ್. ಕಂಬಳಿಗಳಿಲ್ಲವೇನೋ ಎಂದು ಮಹಲನೋಬಿಸ್ ಮಲಗುವ ಕೋಣೆಗೆ ಹೋಗಿ ನೋಡಿದರು. ಕಂಬಳಿಗಳು ಬೇಕಾದಷ್ಟಿದ್ದವು. ಆದರೆ ಇಂಗ್ಲಿಷರ ಪದ್ಧತಿಯಂತೆ ಅವುಗಳ ಅಂಚುಗಳನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಮಡಿಚಿ, ಮೇಲೊಂದು ಹೊದಿಕೆಯನ್ನು ಹಾಸಿದ್ದರು. ಆ ಮಡಿಕೆಯನ್ನು ಬಿಡಿಸಿ ಕಂಬಳಿಗಳ ಒಳಗೆ ಸೇರಿಕೊಳ್ಳಬೇಕೆಂಬುದು ರಾಮಾನುಜನ್ ಅವರಿಗೆ ತಿಳಿದಿರಲಿಲ್ಲ. ಅಷ್ಟೂ ಕಂಬಳಿಗಳ ಮೇಲೆ ಮಲಗಿ ಅವರು ಚಳಿಯಲ್ಲಿ ನಡುಗುತ್ತಿದ್ದರು. ಮಹಲನೋಬಿಸ್ ಮಡಿಕೆಯನ್ನು ಬಿಡಿಸಿ ತೋರಿಸಿಕೊಟ್ಟರು.

ಈ ಪ್ರಸಂಗವನ್ನು ಕೇಳಿ ನಗುವವರುಂಟು. ನನಗೆ ಮಾತ್ರ ಇದನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ಆ ಕಾಲೇಜಿನಲ್ಲಿ ನಿಯಮಗಳಿಗೇನೂ ಕೊರತೆಯಿರಲಿಲ್ಲ. ಎಷ್ಟು ಹೊತ್ತಿಗೆ ಬಾಗಿಲು ಮುಚ್ಚಬೇಕು, ಯಾವ ಉಡುಪು ತೊಡಬೇಕು, ಯಾವ ಹುಲ್ಲಿನ ಮೇಲೆ ಯಾರು ಕಾಲಿಡಬಹುದು ಎಂಬುದೆಲ್ಲ ಅಲ್ಲಿ ನಿಶ್ಚಯವಾಗಿತ್ತು. ಕಂಬಳಿಯ ಒಳಗೆ ಹೇಗೆ ಮಲಗಬೇಕೆಂಬುದನ್ನು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ. ಹುಟ್ಟಿದಂದಿನಿಂದ ಹಾಗೆಯೇ ಮಲಗಿ ಬಂದವರಿಗೆ ಅದು ಹೇಳಬೇಕಾದ ಸಂಗತಿಯೆಂದು ತೋರಲಿಲ್ಲ. ಹೊಸಬರಿಗೆ ಅದು ಕೇಳಬೇಕಾದ ಸಂಗತಿಯೆಂದೂ ತೋರಲಿಲ್ಲ.

ಈಗ ನಮ್ಮಲ್ಲಿ ಪರದೇಶದ ವ್ಯಾಸಂಗ ಅಪರೂಪದ ಸಾಹಸವಾಗಿ ಉಳಿದಿಲ್ಲ. 2023-24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕ ಒಂದರಲ್ಲೇ 3,31,000ಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳಿದ್ದರು. ಹಾಸನದ ಹುಡುಗ, ಹಾವೇರಿಯ ಹುಡುಗಿ ವಿಮಾನವೇರಿ ಹೊರಡುವಾಗ ಮನೆಯವರು ಪೆಟ್ಟಿಗೆಯಲ್ಲಿ ಚಟ್ನಿಪುಡಿಯನ್ನೂ ಸಾರಿನ ಪುಡಿಯನ್ನೂ ಇಟ್ಟುಕೊಡುತ್ತಾರೆ. ಶುಲ್ಕಕ್ಕೆ ಸಾಲ ಮಾಡುತ್ತಾರೆ. ಆದರೆ ಹೋದ ಊರಿನಲ್ಲಿ ಆ ಮಗು ಎದುರಿಸಬೇಕಾದ ನಿಯಮಗಳ ಲೋಕವೊಂದಿದೆಯಲ್ಲ, ಅದರ ವಿಷಯವನ್ನು ಮಾತನಾಡುವವರು ಕಡಮೆ. ಆ ಲೋಕದಲ್ಲಿ ಮೂರು ಬಗೆಯ ನಿಯಮಗಳಿವೆ ಎಂದು ನನಗೆ ತೋರುತ್ತದೆ. ಪುಸ್ತಕದಲ್ಲಿ ಅಚ್ಚಾದವು ಕೆಲವು. ಎಲ್ಲಿಯೂ ಬರೆಯದೆ ಗಾಳಿಯಲ್ಲೇ ಇರುವಂಥವು ಕೆಲವು. ವಿದ್ಯಾರ್ಥಿ ತನ್ನ ಪೆಟ್ಟಿಗೆಯೊಡನೆ ತಾನೇ ಹೊತ್ತು ತಂದವು ಇನ್ನು ಕೆಲವು.

ಅಚ್ಚಾದ ನಿಯಮಗಳನ್ನು ಮೊದಲು ನೋಡೋಣ. ಮೇಲುನೋಟಕ್ಕೆ ಅತ್ಯಂತ ವಿಚಿತ್ರವಾಗಿ ಕಾಣುವಂಥವು ಇವೇ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕೇಂಬ್ರಿಜ್ಜಿಗೆ ಹೋದ ವಿದ್ಯಾರ್ಥಿ ಕತ್ತಲಾದ ಮೇಲೆ ಬೀದಿಯಲ್ಲಿ ನಡೆಯಬೇಕಾದರೆ ಕಪ್ಪು ಗೌನನ್ನು ತೊಟ್ಟಿರಬೇಕಾಗಿತ್ತು. ಪ್ರಾಕ್ಟರ್ ಎಂಬ ಅಧಿಕಾರಿ ಇಬ್ಬರು ಸೇವಕರೊಡನೆ ಬೀದಿಬೀದಿ ತಿರುಗಿ, ಗೌನಿಲ್ಲದವರನ್ನು ತಡೆದು ಹೆಸರನ್ನೂ ಕಾಲೇಜನ್ನೂ ಕೇಳಿ ಬರೆದುಕೊಳ್ಳುತ್ತಿದ್ದ. ದಂಡ 6 ಷಿಲಿಂಗು 8 ಪೆನ್ನಿ. ಆ ಸೇವಕರಿಗೆ ವಿದ್ಯಾರ್ಥಿಗಳಿಟ್ಟ ಹೆಸರು ಬುಲ್‌ಡಾಗ್. ರಾತ್ರಿ ಹೊತ್ತಿಗೆ ಸರಿಯಾಗಿ ಕಾಲೇಜಿನ ಹೆಬ್ಬಾಗಿಲು ಮುಚ್ಚುತ್ತಿತ್ತು. ತಡವಾಗಿ ಬಂದವರು ದಂಡ ತೆರಬೇಕು, ಇಲ್ಲವೆ ಗೋಡೆ ಹತ್ತಿ ಹಾರಬೇಕು. ಗೋಡೆ, ಗೋಪುರಗಳನ್ನು ರಾತ್ರಿಯಲ್ಲಿ ಹತ್ತುವ ವಿದ್ಯೆಯ ಮೇಲೆಯೇ 1937ರಲ್ಲಿ ಅಲ್ಲಿ ಒಂದು ಪುಸ್ತಕ ಹೊರಬಂದಿತೆಂದರೆ ಆ ವಿದ್ಯೆ ಎಷ್ಟು ಬೆಳೆದಿತ್ತೆಂಬುದನ್ನು ಊಹಿಸಬಹುದು. ವಿದ್ಯಾರ್ಥಿಯ ವಾಸ ಊರ ನಡುವಿನ ಸಂತ ಮೇರಿಯ ದೊಡ್ಡ ಚರ್ಚಿನಿಂದ 3 ಮೈಲಿಯ ಒಳಗಿರಬೇಕು. ಟ್ರಿನಿಟಿಯ ಮಹಾಪ್ರಾಂಗಣದ ಹುಲ್ಲುಹಾಸಿನ ಮೇಲೆ ಕಾಲೇಜಿನ ಫೆಲೋಗಳು ನಡೆಯಬಹುದು. ವಿದ್ಯಾರ್ಥಿ ಸುತ್ತು ಹಾಕಿ ಕಲ್ಲುಹಾದಿಯಲ್ಲೇ ಹೋಗಬೇಕು.

ಇವನ್ನು ಕೇಳಿದ ಕೂಡಲೆ, ಇದೆಂಥ ಮಡಿವಂತಿಕೆ ಎನ್ನಿಸುವುದು ಸಹಜ. ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ಒಳಗೆ ಬರಬೇಡ ಎನ್ನುವ ನಮ್ಮ ಅಜ್ಜಿಯರಿಗೂ ಈ ಪ್ರಾಕ್ಟರಿಗೂ ಹೆಚ್ಚು ವ್ಯತ್ಯಾಸವೇನೂ ಕಾಣುವುದಿಲ್ಲ. ಆದರೂ ಅಲ್ಲಿಯ ಅನೇಕ ನಿಯಮಗಳಿಗೆ ಒಂದು ಕಾರಣವಿತ್ತು. 21 ವರ್ಷ ತುಂಬದವರನ್ನು ಆ ದೇಶದ ಕಾನೂನು ಪ್ರಾಪ್ತವಯಸ್ಕರೆಂದು ಎಣಿಸುತ್ತಿರಲಿಲ್ಲ. ಆದುದರಿಂದ ಕಾಲೇಜು ತಾಯ್ತಂದೆಯರ ಸ್ಥಾನದಲ್ಲಿ ನಿಂತು ಹುಡುಗರನ್ನು ಕಾಯುತ್ತಿತ್ತು. 1970ರಲ್ಲಿ ಪ್ರಾಪ್ತವಯಸ್ಸು 18ಕ್ಕೆ ಇಳಿದಾಗ ಆ ಅಧಿಕಾರದ ಬುಡವೇ ಅಲುಗಿತು. ಬಾಗಿಲು ಮುಚ್ಚುವ ಹಳೆಯ ಕಟ್ಟಳೆ ಕಾಲಕ್ರಮದಲ್ಲಿ ಸಡಿಲಿತು. ಹುಲ್ಲಿನ ನಿಯಮ ಮಾತ್ರ ಇಂದಿಗೂ ಉಳಿದಿದೆ. ಕಾರಣ ಸತ್ತ ಮೇಲೂ ಬದುಕುವ ನಿಯಮಗಳು ನಮ್ಮಲ್ಲಿಯೂ ಇವೆಯಾಗಿ, ನಾವು ಅದಕ್ಕೆ ಆಶ್ಚರ್ಯಪಡಬೇಕಾಗಿಲ್ಲ.

ನನ್ನ ಅಭಿಪ್ರಾಯದಲ್ಲಿ, ಅಚ್ಚಾದ ನಿಯಮ ಎಷ್ಟೇ ವಿಚಿತ್ರವಾಗಿರಲಿ, ಪರದೇಶಿಯಾದ ವಿದ್ಯಾರ್ಥಿಗೆ ಅದೊಂದು ಉಪಕಾರವೇ ಸರಿ. ಅದು ಎಲ್ಲರಿಗೂ ಒಂದೇ. ಪ್ರಭುವಿನ ಮಗನಾದರೂ ಗೌನು ಮರೆತರೆ ದಂಡ ತೆರಬೇಕು. ಓದಿಕೊಂಡರೆ ತಿಳಿಯುತ್ತದೆ, ಪಾಲಿಸಿದರೆ ಮುಗಿಯುತ್ತದೆ. ನಿಜವಾದ ಕಷ್ಟ ಆರಂಭವಾಗುವುದು ಬರೆಯದ ನಿಯಮಗಳಲ್ಲಿ.

1888ರ ಶರತ್ಕಾಲದಲ್ಲಿ ಸೌತಾಂಪ್ಟನ್ ಬಂದರಿನಲ್ಲಿ ಇಳಿದ ಮೋಹನದಾಸ ಗಾಂಧಿ ಎಂಬ ತರುಣನ ಪಾಡನ್ನು ಅವರ ಆತ್ಮಕಥೆಯಲ್ಲಿ ನೀವೆಲ್ಲ ಓದಿದ್ದೀರಿ. ದಡಕ್ಕಿಳಿಯುವಾಗ ಬಿಳಿಯ ಉಡುಪು ಒಪ್ಪುತ್ತದೆಂದು ಭಾವಿಸಿ ಬಿಳಿಯ ಫ್ಲಾನೆಲ್ ತೊಟ್ಟು ಇಳಿದರು. ಸುತ್ತ ನೋಡಿದರೆ ಬಿಳಿ ತೊಟ್ಟವರು ಅವರೊಬ್ಬರೇ. ಸಾಮಾನುಗಳ ಪೆಟ್ಟಿಗೆ ಬೇರೆಯವರ ವಶದಲ್ಲಿತ್ತು, ಮರುದಿನ ಭಾನುವಾರ. ಬಟ್ಟೆ ಬದಲಾಯಿಸುವಂತೆಯೂ ಇರಲಿಲ್ಲ. ಆ ಸಂಜೆ ಹೋಟೆಲಿನಲ್ಲಿ ಅವರನ್ನು ಕಾಣಲು ಡಾಕ್ಟರ್ ಪ್ರಾಣಜೀವನ ಮೆಹತಾ ಬಂದರು. ಮೆಹತಾರ ರೇಷ್ಮೆಯ ಟೊಪ್ಪಿಗೆಯ ನುಣುಪನ್ನು ಕಂಡು ಗಾಂಧಿಯವರು ಕುತೂಹಲದಿಂದ ಅದರ ಮೇಲೆ ಕೈಯಾಡಿಸಿದರು. ಅದೂ ಎಳೆಯ ವಿರುದ್ಧ ದಿಕ್ಕಿನಲ್ಲಿ! ಎಳೆಗಳೆಲ್ಲ ಕೆದರಿದವು. ಮೆಹತಾರಿಗೆ ಸಿಟ್ಟು ಬಂದಿತು. ಆದರೆ ಆ ಸಿಟ್ಟಿನಲ್ಲಿಯೇ ಅವರು ಒಂದು ಪಾಠವನ್ನೂ ಹೇಳಿಕೊಟ್ಟರು. ಪರರ ವಸ್ತುವನ್ನು ಮುಟ್ಟಬಾರದು, ಮೊದಲ ಭೇಟಿಯಲ್ಲೇ ಊರು ಕೇರಿಗಳ ಪ್ರಶ್ನೆ ಕೇಳಬಾರದು, ಗಟ್ಟಿಯಾಗಿ ಮಾತನಾಡಬಾರದು, ಎದುರಾದವರನ್ನೆಲ್ಲ ಸರ್ ಎನ್ನಬಾರದು, ಹಾಗೆನ್ನುವವರು ಆಳುಗಳು ಮಾತ್ರ.

ಈ ಪಟ್ಟಿಯನ್ನು ಗಮನಿಸಿದರೆ ಒಂದು ಸ್ವಾರಸ್ಯ ಗೋಚರಿಸುತ್ತದೆ. ಅಲ್ಲಿ ಅಸಭ್ಯವೆನಿಸಿದ ಒಂದೊಂದೂ ನಮ್ಮಲ್ಲಿ ಸ್ನೇಹದ ಲಕ್ಷಣ. ಯಾವೂರು, ಯಾರ ಮನೆಯವರು, ಮಕ್ಕಳೆಷ್ಟು ಎಂದು ಕೇಳದೆ ರೈಲಿನಲ್ಲಿ ಎದುರು ಕುಳಿತವರನ್ನು ನಾವು ಬಿಟ್ಟೇವೆ? ಹಿರಿಯರನ್ನು ಗೌರವಿಸಿ ಕರೆಯುವುದು ನಮ್ಮ ಸಂಸ್ಕಾರ. ಪರದೇಶಕ್ಕೆ ಹೋದವನ ತಪ್ಪುಗಳಲ್ಲಿ ಬಹುಪಾಲು ಅವನ ಒಳ್ಳೆಯ ಗುಣಗಳಿಂದಲೇ ಹುಟ್ಟುತ್ತವೆ. ಅವನನ್ನು ಹೆಚ್ಚಾಗಿ ನೋಯಿಸುವುದೂ ಇದೇ.

ಇಂದಿನ ವಿದ್ಯಾರ್ಥಿಗೆ ಟೊಪ್ಪಿಗೆಯ ಕಾಟವಿಲ್ಲದಿರಬಹುದು. ಬೇರೆ ಟೊಪ್ಪಿಗೆಗಳಿವೆ. ಅಮೆರಿಕದ ಪ್ರಾಧ್ಯಾಪಕರು ತಮ್ಮನ್ನು ಬರಿಯ ಹೆಸರಿನಿಂದ ಕರೆಯಿರಿ ಎನ್ನುತ್ತಾರೆ. ನಮ್ಮ ಹುಡುಗನ ನಾಲಗೆ ಅದಕ್ಕೆ ಹೊರಳುವುದಿಲ್ಲ. ಹೆಸರನ್ನೂ ಹೇಳಲಾರದೆ, ಸರ್ ಎಂದೂ ಅನ್ನಲಾಗದೆ, ಸಂಬೋಧನೆಯೇ ಇಲ್ಲದ ವಾಕ್ಯಗಳನ್ನು ಕಟ್ಟುತ್ತ ಅರ್ಧ ವರ್ಷ ಕಳೆಯುತ್ತಾನೆ. ತರಗತಿಯಲ್ಲಿ ಗುರುಗಳ ಮಾತಿಗೆ ಎದುರು ಹೇಳುವುದು ಅಲ್ಲಿ ಶ್ರದ್ಧೆಯ ಗುರುತು. ಇವನಿಗೆ ಮೌನವೇ ಶ್ರದ್ಧೆಯ ಗುರುತು. ವಿದ್ಯಾರ್ಥಿಗಳು ಬಂದು ಕಾಣಲೆಂದೇ ಅಧ್ಯಾಪಕರು ವಾರದಲ್ಲಿ ಇಷ್ಟು ಗಂಟೆ ಬಾಗಿಲು ತೆರೆದು ಕುಳಿತಿರುತ್ತಾರೆ. ಅವರ ಹೊತ್ತನ್ನು ಹಾಳುಮಾಡಬಾರದೆಂಬ ಸಂಕೋಚದಿಂದ ಇವನು ಆ ಬಾಗಿಲ ಮುಂದೆ ಸದ್ದಿಲ್ಲದೆ ಹಾದುಹೋಗುತ್ತಾನೆ. ಇವನಿಗೆ ಆಸಕ್ತಿಯಿಲ್ಲವೆಂದು ಅವರು ತಿಳಿಯುತ್ತಾರೆ. ಅವರಿಗೆ ಅಕ್ಕರೆಯಿಲ್ಲವೆಂದು ಇವನು ತಿಳಿಯುತ್ತಾನೆ. ಬಾಗಿಲು ತೆರೆದೇ ಇತ್ತು, ಕಂಬಳಿಯೂ ಅಲ್ಲಿಯೇ ಇತ್ತು.

ಇನ್ನು ಮೂರನೆಯ ಬಗೆಯ ನಿಯಮಗಳು, ನಾವು ಹೊತ್ತೊಯ್ದಂಥವು. ಅವುಗಳಲ್ಲಿ ಮುಖ್ಯವಾದುದು ಊಟದ್ದು. ಇದರಲ್ಲಿ ಗಾಂಧಿ ಮತ್ತು ರಾಮಾನುಜನ್ ಇಬ್ಬರ ಅನುಭವವನ್ನೂ ಒಟ್ಟಿಗಿಟ್ಟು ನೋಡುವುದು ಉಚಿತ.

ಮದ್ಯ ಮಾಂಸಗಳನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು ಹೊರಟವರು ಗಾಂಧಿ. ಅವರು ಸೇರಿದ್ದು ಲಂಡನ್ನಿನ ಇನ್ನರ್ ಟೆಂಪಲ್ ಎಂಬ ನ್ಯಾಯವಾದಿಗಳ ವಿದ್ಯಾಸಂಸ್ಥೆ. ಅಲ್ಲಿ ಪರೀಕ್ಷೆಗಳ ಜೊತೆಗೆ ಇನ್ನೊಂದು ವಿಚಿತ್ರ ವಿಧಿಯಿತ್ತು. ಹನ್ನೆರಡು ಅವಧಿಗಳನ್ನು ಪೂರೈಸಬೇಕು. ಪೂರೈಸುವುದೆಂದರೆ, ಒಂದೊಂದು ಅವಧಿಯಲ್ಲಿ ನಡೆಯುವ ಸುಮಾರು 24 ಔತಣಗಳಲ್ಲಿ 6ಕ್ಕಾದರೂ ಹಾಜರಾಗಬೇಕು. ಕಾನೂನಿಗೂ ಊಟಕ್ಕೂ ಏನು ಸಂಬಂಧವೆಂದು ಗಾಂಧಿಯವರಿಗೂ ಅರ್ಥವಾಗಲಿಲ್ಲ. ಹಿಂದಿನ ಕಾಲದಲ್ಲಿ ವಿದ್ಯಾರ್ಥಿಗಳು ಕೆಲವರೇ ಇದ್ದಾಗ, ಊಟದ ಪಂಕ್ತಿಯಲ್ಲಿ ಹಿರಿಯ ವಕೀಲರ ಮಾತುಕತೆ ಕೇಳಿ ಕಲಿಯುತ್ತಿದ್ದರಂತೆ. ಕಲಿಕೆ ಹೋಗಿ ಊಟ ಉಳಿದಿತ್ತು. ನಾಲ್ವರಿಗೆ ಎರಡು ಸೀಸೆ ದ್ರಾಕ್ಷಾರಸ ಬರುತ್ತಿತ್ತು. ಕುಡಿಯದ ಗಾಂಧಿ ತಮ್ಮ ಗುಂಪಿನಲ್ಲಿರಲಿ ಎಂದು ಉಳಿದವರಲ್ಲಿ ಪೈಪೋಟಿ! ಅವರು ಸೇರಿದರೆ ಮೂವರಿಗೆ ಎರಡು ಸೀಸೆಯಾಯಿತಲ್ಲ. ಬ್ರೆಡ್ಡು, ಬೇಯಿಸಿದ ಆಲೂಗೆಡ್ಡೆ, ಎಲೆಕೋಸುಗಳಿಂದ ಆರಂಭಿಸಿ, ಕ್ರಮೇಣ ತಮಗೆ ಬೇಕಾದ ಸಸ್ಯಾಹಾರವನ್ನು ಕೇಳಿ ಪಡೆಯುವ ಧೈರ್ಯವೂ ಅವರಿಗೆ ಬಂದಿತು.

ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಹಸಿದ ಹೊಟ್ಟೆಯಲ್ಲಿ ಲಂಡನ್ನಿನ ಬೀದಿಗಳನ್ನು ಅಲೆದು ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರದ ಊಟದ ಮನೆಯನ್ನು ಕಂಡುಹಿಡಿದದ್ದು. ಅಲ್ಲಿ ಕೊಂಡ ಪುಸ್ತಕದಿಂದ ಇಂಗ್ಲೆಂಡಿನಲ್ಲೂ ಸಸ್ಯಾಹಾರಿಗಳಿದ್ದಾರೆ, ಅವರಿಗೊಂದು ಸಂಘವಿದೆ, ಪತ್ರಿಕೆಯಿದೆ ಎಂಬುದು ತಿಳಿಯಿತು. ಗಾಂಧಿ ಆ ಸಂಘದ ಕಾರ್ಯಸಮಿತಿಯ ಸದಸ್ಯರಾದರು. ಅದರ ಪತ್ರಿಕೆಗೆ ಬರೆದರು. ಸಭ್ಯ ಇಂಗ್ಲಿಷನಾಗುವ ಆಸೆಯಿಂದ ಕೆಲವು ಕಾಲ ನೃತ್ಯವನ್ನೂ ಪಿಟೀಲನ್ನೂ ಕಲಿಯಹೊರಟು ಕೈಬಿಟ್ಟಿದ್ದ ಅವರಿಗೆ, ಯಾವ ವ್ರತ ತಮ್ಮನ್ನು ಒಂಟಿ ಮಾಡುತ್ತದೆಂದು ಎಲ್ಲರೂ ಹೆದರಿಸಿದ್ದರೋ ಆ ವ್ರತವೇ ಸ್ನೇಹಿತರನ್ನು ತಂದುಕೊಟ್ಟಿತು. 1891ರ ಜೂನ್ 10ರಂದು ಅವರು ಬ್ಯಾರಿಸ್ಟರರಾದರು. ಎರಡೇ ದಿನಕ್ಕೆ ಊರಿಗೆ ಹೊರಟರು.

ಅದೇ ವ್ರತ ರಾಮಾನುಜನ್ ಅವರದೂ ಆಗಿತ್ತು, ಇನ್ನೂ ಕಠಿನವಾಗಿ. ಸಮುದ್ರ ದಾಟುವುದಕ್ಕೇ ಅವರ ಮನೆಯಲ್ಲಿ ಒಪ್ಪಿಗೆ ಸುಲಭವಾಗಿ ದೊರೆತಿರಲಿಲ್ಲ. ಹೊರಡುವ ಮುನ್ನ ಜುಟ್ಟನ್ನು ಕತ್ತರಿಸಬೇಕಾಯಿತು. ಕಾಲಿಗೆ ಬೂಟು ಬಂದಿತು. ಇಷ್ಟೆಲ್ಲ ಬಿಟ್ಟವರು ಊಟದ ನಿಯಮವನ್ನು ಮಾತ್ರ ಬಿಗಿಯಾಗಿ ಹಿಡಿದರು. ಮಾಂಸ ಬೆಂದ ಪಾತ್ರೆಗಳಿರುವ ಅಡಿಗೆಮನೆಯ ತರಕಾರಿಯೂ ಅವರಿಗೆ ಸಲ್ಲದು. ಹೀಗಾಗಿ ಕಾಲೇಜಿನ ಭೋಜನಶಾಲೆಗೆ ಅವರು ಹೋಗುತ್ತಿರಲಿಲ್ಲ. ತಮ್ಮ ಕೋಣೆಯಲ್ಲಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಆದರೆ ಅಂಥ ಕಾಲೇಜಿನಲ್ಲಿ ಭೋಜನಶಾಲೆಯೆಂದರೆ ಹೊಟ್ಟೆ ತುಂಬುವ ಸ್ಥಳ ಮಾತ್ರವಲ್ಲ. ಜನ ಜನವನ್ನು ಅರಿಯುವುದು ಅಲ್ಲಿ. ಆ ಬಾಗಿಲು ಅವರಿಗೆ ಮುಚ್ಚಿತು. ಬಂದ ನಾಲ್ಕೇ ತಿಂಗಳಿಗೆ ಯುದ್ಧ ಆರಂಭವಾಗಿ ತರುಣರು ರಣರಂಗಕ್ಕೆ ತೆರಳಿದರು, ವಿಶ್ವವಿದ್ಯಾನಿಲಯ ಬರಿದಾಯಿತು. ತಾಜಾ ಹಣ್ಣು ತರಕಾರಿಗಳೂ ದುರ್ಲಭವಾದವು.

ಅವರನ್ನು ಕರೆಸಿಕೊಂಡ ಪ್ರೊಫೆಸರ್ ಹಾರ್ಡಿ ನಿತ್ಯವೆಂಬಂತೆ ಅವರೊಡನೆ ಕೆಲಸ ಮಾಡುತ್ತಿದ್ದರು. ದಿನಕ್ಕೆ ಐದಾರು ಹೊಸ ಪ್ರಮೇಯಗಳನ್ನು ತಂದು ಮುಂದಿಡುವವರನ್ನು, ಹಳೆಯ ಪ್ರಮೇಯ ನಿನಗೆ ಹೇಗೆ ಹೊಳೆಯಿತೆಂದು ಕೇಳಿ ಪೀಡಿಸುವುದು ಹಾಸ್ಯಾಸ್ಪದವಾಗಿ ಕಂಡಿತೆಂದು ಅವರು ಮುಂದೆ ಹೇಳಿಕೊಂಡರು. ಗಣಿತದ ವಿಷಯದಲ್ಲೇ ಇಂಥ ಸಂಕೋಚವಿದ್ದ ಕಡೆ, ರಾತ್ರಿ ನಿದ್ರೆ ಬರುತ್ತದೆಯೆ, ಮನೆಯಿಂದ ಕಾಗದ ಬಂದಿತೆ ಎಂಬ ಪ್ರಶ್ನೆಗಳಿಗೆ ಎಡೆಯೆಲ್ಲಿ? ಒಬ್ಬರ ಖಾಸಗಿ ಬದುಕಿನಲ್ಲಿ ತಲೆಹಾಕಬಾರದೆಂಬುದು ಅವರ ನಾಡಿನ ಸಭ್ಯತೆ. ತಾನಾಗಿ ಕಷ್ಟ ಹೇಳಿಕೊಳ್ಳಬಾರದೆಂಬುದು ಇವರ ನಾಡಿನ ಸಂಕೋಚ. ಎರಡು ಒಳ್ಳೆಯ ನಿಯಮಗಳ ನಡುವೆ ಒಬ್ಬ ಮನುಷ್ಯ ಏಕಾಕಿಯಾದ.

ಅವರ ಕೋಣೆಯಲ್ಲಿ ನಡೆದ ಒಂದು ಔತಣದ ನೆನಪನ್ನು ಅವರನ್ನು ಬಲ್ಲವರು ದಾಖಲಿಸಿದ್ದಾರೆ. ಭಾರತೀಯ ಮಿತ್ರರೊಬ್ಬರನ್ನೂ ಇಬ್ಬರು ಮಹಿಳೆಯರನ್ನೂ ರಾಮಾನುಜನ್ ಊಟಕ್ಕೆ ಕರೆದು, ತಾವೇ ಬೇಯಿಸಿ ಬಡಿಸಿದರು. ಎರಡು ಬಾರಿ ಬಡಿಸಿಕೊಂಡ ಅತಿಥಿಗಳು ಮೂರನೆಯ ಬಾರಿ ಸಾಕೆಂದರು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಆತಿಥೇಯರೇ ಇಲ್ಲ! ಕಾದು ಕಾದು ಅತಿಥಿಗಳು ಹಿಂದಿರುಗಿದರು. ಕೆಲವು ದಿನಗಳ ಮೇಲೆ ಆಕ್ಸ್‌ಫರ್ಡಿನಿಂದ ತಂತಿ ಬಂದಿತು, ಹಣ ಕಳಿಸಿರೆಂದು. ತಾನು ಬಡಿಸಿದ್ದನ್ನು ಬೇಡವೆಂದದ್ದು ಅವರಿಗೆ ತಡೆಯಲಾರದ ನೋವಾಗಿತ್ತು. ಅತಿಥಿ ಸಾಕೆಂದರೂ ಬಿಡದೆ ಬಡಿಸುವ, ಬಡಿಸಿದ್ದನ್ನು ಉಣ್ಣಿಸಿ ತೃಪ್ತಿಪಡುವ ನಾಡಿನಿಂದ ಬಂದವರ ನೋವು ಅದು. ಇಲ್ಲಿ ನಿಯಮವನ್ನು ಅರಿಯದವರು ಅತಿಥಿಗಳು. ಪರದೇಶದಲ್ಲಿರುವವನ ಎದೆಯಲ್ಲೂ ಒಂದು ನಿಯಮಾವಳಿಯಿರುತ್ತದೆ. ಅದನ್ನು ಓದಿದವರು ಯಾರೂ ಇರುವುದಿಲ್ಲ.

1917ರಲ್ಲಿ ರಾಮಾನುಜನ್ ಕಾಯಿಲೆ ಬಿದ್ದರು. ಬದುಕೇ ಬೇಡವೆನ್ನಿಸುವ ಸ್ಥಿತಿಯನ್ನೂ ಒಮ್ಮೆ ಮುಟ್ಟಿದ್ದರು. ಅದೃಷ್ಟವಶಾತ್ ಅಂದು ಪ್ರಾಣ ಉಳಿಯಿತು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಅದೇ ವರ್ಷದ ಅಕ್ಟೋಬರಿನಲ್ಲಿ ಟ್ರಿನಿಟಿಯ ಫೆಲೋ ಆಗಿ ಆಯ್ಕೆಯಾದರು. ಆ ಹುಲ್ಲಿನ ಮೇಲೆ ನಡೆಯುವ ಹಕ್ಕು ದೊರೆಯುವ ವೇಳೆಗೆ ಅವರು ಆಸ್ಪತ್ರೆ, ಆರೋಗ್ಯಧಾಮಗಳಲ್ಲಿ ಮಲಗಿದ್ದರು. 1919ರಲ್ಲಿ ತಾಯ್ನಾಡಿಗೆ ಮರಳಿ, 1920ರ ಏಪ್ರಿಲ್ 26ರಂದು ತಮ್ಮ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಾಯಿಲೆ ಕ್ಷಯವೆಂದು ಅಂದಿನ ವೈದ್ಯರು ಭಾವಿಸಿದ್ದರು. ಯಕೃತ್ತಿಗೆ ಹತ್ತಿದ ಅಮೀಬಾ ಸೋಂಕೆಂದು ಅನಂತರ ವಾದಿಸಿದವರಿದ್ದಾರೆ. ಆದ್ದರಿಂದ ಊಟದ ನಿಯಮವೇ ಅವರನ್ನು ಕೊಂದಿತೆಂದು ಹೇಳುವುದು ಅನ್ಯಾಯವಾದೀತು. ಒಂದೇ ನಿಯಮ ಗಾಂಧಿಯವರಿಗೆ ಜನರನ್ನು ಕೂಡಿಸಿಕೊಟ್ಟಿತು, ರಾಮಾನುಜನ್ ಅವರನ್ನು ಜನರಿಂದ ಬೇರೆ ಮಾಡಿತು. ತನ್ನ ವ್ರತವನ್ನು ಉಳಿಸಿಕೊಂಡದ್ದರಿಂದ ಯಾರೂ ಕೆಡುವುದಿಲ್ಲ. ಅದನ್ನು ಹಂಚಿಕೊಳ್ಳಲು ನಾಲ್ಕು ಜನ ದೊರೆಯದಿದ್ದರೆ ಮಾತ್ರ ವ್ರತ ಭಾರವಾಗುತ್ತದೆ.

ಹಾಗಾದರೆ ಪರದೇಶದ ವಿದ್ಯಾರ್ಥಿ ನಿಯಮಗಳಿಗೆ ತಲೆಬಾಗಿ ಸುಮ್ಮನಿರಬೇಕೆ ಎಂದು ನೀವು ಕೇಳಬಹುದು. ಬೇಕಾಗಿಲ್ಲವೆಂದು ತೋರಿಸಿದ ಒಬ್ಬ ತರುಣಿಯನ್ನು ಇಲ್ಲಿ ನೆನೆಯಬೇಕು. ನಾಸಿಕದಲ್ಲಿ ಹುಟ್ಟಿದ ಕಾರ್ನೇಲಿಯಾ ಸೊರಾಬ್ಜಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಉನ್ನತ ಸ್ಥಾನ ಗಳಿಸಿಯೂ, ಹೆಣ್ಣೆಂಬ ಕಾರಣದಿಂದ ಇಂಗ್ಲೆಂಡಿಗೆ ಹೋಗುವ ಸರಕಾರಿ ವಿದ್ಯಾರ್ಥಿವೇತನವನ್ನು ಪಡೆಯಲಾರದೆ ಹೋದರು. ಹಿತೈಷಿಗಳು ಕೂಡಿಸಿದ ಹಣದಿಂದ 1889ರಲ್ಲಿ ಆಕ್ಸ್‌ಫರ್ಡಿನ ಸಾಮರ್‌ವಿಲ್ ಸೇರಿ ಕಾನೂನು ಓದಿದರು. 1892ರಲ್ಲಿ ಪರೀಕ್ಷೆಯ ಹೊತ್ತು ಬಂದಿತು. ಗಂಡಸರ ಜೊತೆ ಹೆಂಗಸು ಕುಳಿತು ಬರೆಯುವಂತಿಲ್ಲ, ಬೇರೆ ಕಡೆ ಬರೆಯಲಿ ಎಂಬ ಮಾತು ಹುಟ್ಟಿತು. ಹಾಗೆ ಬರೆದರೆ ತನ್ನ ಪರೀಕ್ಷೆಗೆ ಉಳಿದವರ ಪರೀಕ್ಷೆಯ ಬೆಲೆ ಬಾರದೆಂದು ಸೊರಾಬ್ಜಿ ಒಪ್ಪಲಿಲ್ಲ. ಜೋವೆಟ್ ಮೊದಲಾದ ಹಿರಿಯರು ಬೆಂಬಲಕ್ಕೆ ನಿಂತರು. ವಿಶ್ವವಿದ್ಯಾನಿಲಯ ವಿಶೇಷ ನಿರ್ಣಯವನ್ನು ಅಂಗೀಕರಿಸಿ, ಎಲ್ಲರೊಡನೆ ಕುಳಿತು ಬರೆಯಲು ಅವರಿಗೆ ಅನುಮತಿ ಕೊಟ್ಟಿತು. ಪರೀಕ್ಷೆಯೇನೋ ಆಯಿತು, ಪದವಿ ಕೈಗೆ ಬರಲಿಲ್ಲ. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡಲಾರಂಭಿಸಿದ್ದೇ 1920ರಲ್ಲಿ. ಸೊರಾಬ್ಜಿ ತಮ್ಮ ಪದವಿಯನ್ನು ಪಡೆದದ್ದು 1922ರಲ್ಲಿ, ಬರೆದು ಮೂವತ್ತು ವರ್ಷಗಳಾದ ಮೇಲೆ! ಆದರೂ ಅವರು ಅಂದು ಬಾಯಿ ತೆರೆದು ಕೇಳದಿದ್ದರೆ ಆ ನಿಯಮ ಅಲುಗುತ್ತಿರಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಈ ಕಾಲದಲ್ಲಿ ನಿಯಮಗಳು ಕಡಮೆಯಾಗಿಲ್ಲ. ಅವುಗಳ ಸ್ವರೂಪ ಬದಲಾಗಿದೆ. ಗೌನಿನ ಸ್ಥಾನದಲ್ಲಿ ವೀಸಾ ಬಂದಿದೆ. ಅಮೆರಿಕದಲ್ಲಿ ಪದವಿ ವ್ಯಾಸಂಗ ಮಾಡುವ ಪರದೇಶಿ ವಿದ್ಯಾರ್ಥಿ ಸಾಮಾನ್ಯವಾಗಿ ಒಂದು ಅವಧಿಗೆ 12 ಕ್ರೆಡಿಟ್‌ಗಳಿಗೆ ಕಡಮೆಯಿಲ್ಲದಂತೆ ಓದಬೇಕು. ಪಾಠ ನಡೆಯುವ ದಿನಗಳಲ್ಲಿ ಆವರಣದೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಬಾರದು. ಮನೆ ಬದಲಾಯಿಸಿದರೆ 10 ದಿನಗಳೊಳಗೆ ತಿಳಿಸಬೇಕು. ಗೌನು ಮರೆತವನು ಆರು ಷಿಲಿಂಗು ಎಂಟು ಪೆನ್ನಿ ತೆತ್ತು ಮಲಗುತ್ತಿದ್ದ. ಇವನ್ನು ಮರೆತವನು ಊರನ್ನೇ ಬಿಟ್ಟು ಹೊರಡಬೇಕಾದೀತು. ಸಾಲ ಮಾಡಿ ಕಳಿಸಿದವರ ಮುಖ ಕಣ್ಣ ಮುಂದಿರುವ ಹುಡುಗನಿಗೆ ಇದು ಎಂಥ ಭಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲಕ್ಕಿಂತ ನಮ್ಮವರು ಹೆಚ್ಚು ಎಡವುವುದು ಕೃತಿಚೌರ್ಯದ ನಿಯಮದಲ್ಲಿ. ಪಠ್ಯಪುಸ್ತಕದ ವಾಕ್ಯವನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿ ಒಪ್ಪಿಸಿದವನನ್ನು ನಮ್ಮ ಶಾಲೆ ಜಾಣನೆಂದು ಹೊಗಳಿ ಬೆಳೆಸಿರುತ್ತದೆ. ಅಲ್ಲಿ ಅದೇ ವಾಕ್ಯವನ್ನು ಯಾರದೆಂದು ಹೇಳದೆ ಬರೆದರೆ ಕಳ್ಳತನ, ವಿಚಾರಣೆಯುಂಟು, ಶಿಕ್ಷೆಯುಂಟು. ನಿನ್ನೆ ಪದಕ ತಂದ ಗುಣ ಇಂದು ಅಪರಾಧವಾಯಿತೆ ಎಂದು ಹುಡುಗ ದಿಗ್ಭ್ರಮೆಗೊಳ್ಳುತ್ತಾನೆ. ಆದರೆ ಈ ನಿಯಮ ನಮಗೆ ಪೂರಾ ಹೊಸದೆನ್ನಲಾಗದು. ನಮ್ಮ ಹಳಗನ್ನಡ ಕವಿಗಳು ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ಹೆಸರೆತ್ತಿ ಸ್ಮರಿಸಿ, ಆಮೇಲೆ ತಾನೆ ತಮ್ಮ ಮಾತಿಗೆ ತೊಡಗುತ್ತಿದ್ದರು? ಯಾರಿಂದ ಪಡೆದೆನೋ ಅವರ ಋಣವನ್ನು ಎಲ್ಲರೆದುರು ಒಪ್ಪಿಕೊಳ್ಳುವುದು ಎಂಬ ಅರ್ಥದಲ್ಲಿ ಹೇಳಿಕೊಟ್ಟರೆ ನಮ್ಮ ಹುಡುಗನಿಗೆ ಇದು ಒಂದು ಗಳಿಗೆಯಲ್ಲಿ ತಿಳಿದೀತು. ಆದರೆ ಹಾಗೆ ಹೇಳಿಕೊಡುವವರು ಬೇಕು.

ಪರದೇಶದ ವಾಸ ಕೊಡುವುದೆಲ್ಲ ಕಷ್ಟವೇ ಎಂಬ ಭಾವನೆ ನನ್ನ ಮಾತಿನಿಂದ ಬರಬಾರದು. ಆಕ್ಸ್‌ಫರ್ಡಿಗೆ ಹೋಗಿ ಬಂದ ವಿ. ಕೃ. ಗೋಕಾಕರ ಸಮುದ್ರಯಾನ ಕನ್ನಡಕ್ಕೆ ‘ಸಮುದ್ರಗೀತೆಗಳ’ನ್ನು ತಂದಿತು. 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಸಂಶೋಧನೆಗೆಂದು ಹೋದ ಯು. ಆರ್. ಅನಂತಮೂರ್ತಿಯವರು ಅಲ್ಲಿಯೇ ಕುಳಿತು ‘ಸಂಸ್ಕಾರ’ ಕಾದಂಬರಿಯನ್ನು ಬರೆದರು. ಅದು 1965ರಲ್ಲಿ ಪ್ರಕಟವಾಯಿತು. ಅಗ್ರಹಾರವೊಂದರಲ್ಲಿ ನಿಯಮ ಮುರಿದವನ ಶವಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ ಆ ಕಥೆಯ ಬೀಜ. ಬೇರೊಂದು ನಾಡಿನ ನಿಯಮಗಳ ನಡುವೆ ಬದುಕುವಾಗಲೇ ತನ್ನ ನಾಡಿನ ನಿಯಮಗಳು ಒಬ್ಬ ಲೇಖಕನಿಗೆ ಇಷ್ಟು ನಿಚ್ಚಳವಾಗಿ ಕಂಡವೆಂಬುದನ್ನು ಆಕಸ್ಮಿಕವೆಂದು ನಾನು ಎಣಿಸಲಾರೆ. ಮನೆಯೊಳಗಿದ್ದವನಿಗೆ ಮನೆಯ ಗೋಡೆಯ ಹೊರಮೈ ಕಾಣುವುದಿಲ್ಲ.

ಕೊನೆಯದಾಗಿ ನಮ್ಮ ಮನೆಯ ಬಾಗಿಲಿಗೆ ಬರೋಣ. ಹೊರಗೆ ಹೋದ ನಮ್ಮ ಮಕ್ಕಳ ವಿಚಾರವನ್ನೇ ಇದುವರೆಗೆ ಹೇಳಿದೆ. ನಮ್ಮಲ್ಲಿಗೂ ಪರದೇಶದ ವಿದ್ಯಾರ್ಥಿಗಳು ಬರುತ್ತಾರೆ. ಆಫ್ರಿಕದಿಂದ, ಪಶ್ಚಿಮ ಏಷ್ಯದಿಂದ, ನೆರೆಯ ದೇಶಗಳಿಂದ ಬಂದು ಬೆಂಗಳೂರು, ಮೈಸೂರು, ಮಣಿಪಾಲಗಳಲ್ಲಿ ಓದುತ್ತಾರೆ. ಅವರಿಗೆ ನಾವು ಎಂಥ ಆವರಣವಾಗಿದ್ದೇವೆ? ಬಾಡಿಗೆಗೆ ಕೋಣೆ ಕೇಳಿದರೆ ಮೊದಲು ಏನು ತಿನ್ನುತ್ತಾರೆಂದು ವಿಚಾರಿಸುತ್ತೇವೆ, ಆಮೇಲೆ ಬಣ್ಣ ನೋಡುತ್ತೇವೆ. ನಮ್ಮ ಬರೆಯದ ನಿಯಮಗಳನ್ನು ಅವರಿಗೆ ಹೇಳಿಕೊಡುವ ಮೆಹತಾ ಯಾರು, ಮಹಲನೋಬಿಸ್ ಯಾರು? 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪೊಂದು ಹಲ್ಲೆ ನಡೆಸಿತು. ಸ್ವಲ್ಪ ಹೊತ್ತಿಗೆ ಮುಂಚೆ ಅಲ್ಲಿ ಬೇರೊಂದು ದೇಶದ ವಿದ್ಯಾರ್ಥಿಯ ಕಾರು ತಗುಲಿ ಒಬ್ಬ ಹೆಂಗಸು ತೀರಿಕೊಂಡಿದ್ದರು. ಆ ಹುಡುಗಿಗೂ ಆ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ; ಬಣ್ಣವೊಂದೇ ಸಂಬಂಧವಾಯಿತು. ಕೇಂಬ್ರಿಜ್ಜಿನ ಹುಲ್ಲಿನ ನಿಯಮವನ್ನು ಕೇಳಿ ನಗುವ ಮುನ್ನ ನಾವು ಈ ದಿನವನ್ನು ನೆನೆದುಕೊಳ್ಳುವುದು ಒಳ್ಳೆಯದು.

ಹೊರಡುವ ಮಕ್ಕಳಿಗೆ ಹೇಳಬೇಕಾದದ್ದು ನನ್ನಲ್ಲಿ ಹೆಚ್ಚೇನಿಲ್ಲ. ಅಚ್ಚಾದ ನಿಯಮವನ್ನು ಓದಿರಿ, ಪಾಲಿಸಿರಿ. ಅದು ಅನ್ಯಾಯವೆನಿಸಿದರೆ ಸೊರಾಬ್ಜಿಯವರಂತೆ ಎದುರು ನಿಂತು ಕೇಳಿರಿ. ನೀವು ಹೊತ್ತೊಯ್ದ ವ್ರತವನ್ನು ಉಳಿಸಿಕೊಳ್ಳಬೇಕೆನಿಸಿದರೆ ಉಳಿಸಿಕೊಳ್ಳಿರಿ. ಆದರೆ ಗಾಂಧಿಯವರಂತೆ ಬೀದಿ ಬೀದಿ ಅಲೆದು ಅದಕ್ಕೆ ಜೊತೆಗಾರರನ್ನು ಹುಡುಕಿಕೊಳ್ಳಿರಿ. ತಿಳಿಯದುದನ್ನು ಕೇಳುವುದಕ್ಕೆ ನಾಚಬೇಡಿರಿ. ಮಹಾಮೇಧಾವಿಯಾದ ರಾಮಾನುಜನ್ ಅವರಿಗೇ ಹಾಸಿಗೆಯ ಮಡಿಕೆ ತಿಳಿದಿರಲಿಲ್ಲವೆಂದ ಮೇಲೆ, ನಮಗೆ ಒಂದು ತಿಳಿಯದೆ ಹೋದರೆ ಅವಮಾನವೇನು?

ಇಲ್ಲಿಯೇ ಉಳಿಯುವ ನಮ್ಮಂಥವರು ನೆನಪಿಡಬೇಕಾದದ್ದು ಇನ್ನೂ ಸಣ್ಣದು. ಮಹಲನೋಬಿಸ್ ಅಂದು ಮಾಡಿದ್ದಾದರೂ ಏನು? ರಾತ್ರಿ ಬೆಚ್ಚಗಿರುತ್ತದೆಯೆ ಎಂದು ಒಂದು ಮಾತು ಕೇಳಿದರು. ಎದ್ದು ಹೋಗಿ ನೋಡಿದರು. ಕಂಬಳಿಯ ಅಂಚನ್ನು ಬಿಡಿಸಿ ತೋರಿಸಿದರು. ಅಂದಿನ ರಾತ್ರಿ ರಾಮಾನುಜನ್ ಬೆಚ್ಚಗೆ ಮಲಗಿರಬೇಕು. ನಮ್ಮ ಬೀದಿಯ ಬಾಡಿಗೆ ಕೋಣೆಯಲ್ಲಿ ದೂರದೇಶದ ವಿದ್ಯಾರ್ಥಿಯೊಬ್ಬ ಬಂದು ಇಳಿದಿದ್ದರೆ, ನಾಳೆ ಅವನನ್ನು ಅಷ್ಟು ಮಾತು ಕೇಳುವುದು ನಮ್ಮಿಂದಾದೀತು.